ಕಪ್ಪಿಗೆ ಹಿಡಿ ಕೂರಿಸುವವಳಿಗೆ

ಸೋಮವಾರ, ಊಟದ ಬಿಡುವು
ಪ್ರೆಸ್ಸಿನ ಮಡಚುವ ಮೇಜು, ಕಿಟಕಿಯ ಕಡೆಯ ತುದಿ

ಪ್ರೀತಿಯ ಅಮ್ಮನಿಗೆ,

ಕ್ಷೇಮ ಎಂದು ಬರೆದು ನಿನ್ನ ಕ್ಷೇಮ ಕೇಳಬೇಕು. ಆದರೆ ನಿನ್ನೆ ತಾನೇ ನಾವಿಬ್ಬರೂ ಒಬ್ಬರ ಕ್ಷೇಮವನ್ನು ಇನ್ನೊಬ್ಬರು ವಿಚಾರಿಸಿಕೊಂಡಿದ್ದೇವೆ, ಒಂದು ಬಸ್ಸಿನ ಜನರ ಎದುರಿಗೆ, ಅವರಲ್ಲಿ ಒಬ್ಬರಿಗೂ ತಿಳಿಯದ ಹಾಗೆ. ಅಲ್ಲಿ ಕೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಒಂದು ಕೈಯಲ್ಲಿ ಬುತ್ತಿ ಇದೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ನಾನು ಬಂದದ್ದು ನಿನ್ನನ್ನು ನೋಡಲಿಕ್ಕಲ್ಲ. ನಮ್ಮ ಮನೆಗಳಲ್ಲಿರುವ ಸಾಮಾನುಗಳ ಹಿಂದೆ ಯಾರ ಬೆವರಿದೆ, ಆ ಬೆವರಿಗೆ ಯಾರು ಏನು ಕೊಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ತಿಳಿಯಲಿಕ್ಕೆ ಬಂದೆ. ನೀನು ಅಲ್ಲಿ, ಆ ಹಗ್ಗದ ಆಚೆ, ಹಾಗೆ ನಿಂತಿರುತ್ತೀ ಎಂದು ನಾನು ಎಣಿಸಿರಲಿಲ್ಲ.

ನೀನು ಕಂಡ ಮಗಳು ಈಗ ಇಲ್ಲ. ಕರಪತ್ರ ಮಡಚುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದೆನಲ್ಲ, ಈಗ ಓದದೆ ಒಂದನ್ನೂ ಮಡಚುವುದಿಲ್ಲ. ದುಡಿಯುವವರ ಹಕ್ಕು, ಬಾಡಿಗೆದಾರರ ಹಕ್ಕು, ಹಲ್ಲುಜ್ಜುವ ಸರಿಯಾದ ಕ್ರಮ, ಕುಡಿತದ ಕೇಡು, ಅದರ ಬೆನ್ನಿಗೇ ಹೊಸ ಮದ್ಯದಂಗಡಿಯ ಉದ್ಘಾಟನೆ, ಎಲ್ಲವೂ ಇದೇ ಮೇಜಿಗೆ ಬರುತ್ತವೆ. ಒಂದು ಹೇಳಿದ್ದನ್ನು ಇನ್ನೊಂದು ಅಳಿಸುತ್ತದೆ. ಅವುಗಳಲ್ಲಿ ನಿಜ ಯಾವುದು ಎಂದು ಆರಿಸುವುದೇ ನನ್ನ ವಿದ್ಯಾಭ್ಯಾಸ. ನಮ್ಮ ಫೋರ್‌ಮನ್ ಮಾಮನಿಗೆ ಇದರ ಮೇಲೆ ಸಿಟ್ಟು. "ಮಡಚು ಅಂದ್ರೆ ಓದ್ತಾಳೆ. ಓದು ಅಂದಿದ್ರೆ ಮಡಚಿಡ್ತಿದ್ಲೇನೋ," ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಆ ಪ್ರವಾಸದ ಕರಪತ್ರವನ್ನೂ ನಾನೇ ಮಡಚಿದ್ದು. ನಿಮ್ಮ ಮನೆಯ ಸಾಮಾನು ಹುಟ್ಟುವ ಜಾಗ ನೋಡಿ ಬನ್ನಿ ಎಂದಿತ್ತು. ಬ್ರಷ್ಷಿನ ಕಾರ್ಖಾನೆ, ಸೋಪಿನ ಕಾರ್ಖಾನೆ, ಕೊನೆಗೆ ಕಪ್ಪುಬಸಿಯ ಕಾರ್ಖಾನೆ. ಕೊನೆಯದರ ಹೆಸರು ಓದಿದಾಗ ಕೈ ಸ್ವಲ್ಪ ನಿಂತದ್ದು ನಿಜ. ನೀನು ಪ್ರತಿ ಪತ್ರದ ಮೂಲೆಯಲ್ಲಿ ವಿಳಾಸವಾಗಿ ಬರೆಯುವ ಹೆಸರು ಅದು.

ಪ್ರವಾಸ ನಡೆಸುವವರು ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು. ಯಂತ್ರ ಕಂಡರೆ ಕರಗುತ್ತಾರೆ, ಮನುಷ್ಯರನ್ನು ಕಂಡರೆ ಸಾಲಾಗಿ ನಿಲ್ಲಿಸುತ್ತಾರೆ. ಬಸ್ಸು ಹತ್ತುವಾಗ ನನ್ನನ್ನು ಕಂಡು ಹುಬ್ಬೇರಿಸಿದರು, ಆದರೆ ಏನೂ ಕೇಳದೆ ಕಿಟಕಿ ಪಕ್ಕದ ಸೀಟು ತೋರಿಸಿದರು. ಪಕ್ಕದಲ್ಲಿ ಹೋದ ವರ್ಷ ನಮ್ಮ ಬೀದಿಗೆ ಬಂದ ಡಿಸ್ಕೌಂಟ್ ಅತ್ತೆ. ಪತ್ರದಲ್ಲಿ ಬರೆದಿದ್ದೆನಲ್ಲ, ತೂಕ ಮುಗಿದ ಮೇಲೆ ಎರಡು ಟೊಮೆಟೊ ಮೇಲೆ ಹಾಕಿಸಿಕೊಳ್ಳದೆ ತಕ್ಕಡಿ ಬಿಟ್ಟುಕೊಡದವರು. ಅವರು ಈ ಪ್ರವಾಸಕ್ಕೆ ಖಾಲಿ ಚೀಲಗಳನ್ನು ಮಾತ್ರ ತಂದಿದ್ದರು. ಕಾರ್ಖಾನೆ ಬಾಗಿಲಲ್ಲೇ ರಿಜೆಕ್ಟ್ ಮಾಲು ಅಗ್ಗಕ್ಕೆ ಸಿಗುತ್ತದೆಂದು ಯಾರೋ ಹೇಳಿದ್ದರಂತೆ.

ಬ್ರಷ್ಷಿನ ಕಾರ್ಖಾನೆಯಲ್ಲಿ ಮರದ ಪಟ್ಟಿಗೆ ಕೂದಲಿನ ಕುಚ್ಚುಗಳನ್ನು ಯಂತ್ರ ಕುಟ್ಟಿ ಕೂರಿಸುತ್ತದೆ. ಹೆಂಗಸರು ತುದಿ ಕತ್ತರಿಸಿ ಸಮ ಮಾಡುತ್ತಾರೆ. ಗಾಳಿಯ ತುಂಬ ಪುಡಿ. ಒಬ್ಬಾಕೆ ನಾವು ದಾಟುವವರೆಗೂ ಕೆಮ್ಮನ್ನು ತುಟಿಯೊಳಗೇ ಹಿಡಿದಿದ್ದಳು. ಈ ಪುಡಿಗೆ ಏನು ವ್ಯವಸ್ಥೆ ಮಾಡಿದ್ದೀರಿ ಎಂದು ನಾನು ಕೇಳಿದೆ. ತೋರಿಸುತ್ತಿದ್ದವನು ದಯವಿಟ್ಟು ಯಂತ್ರದ ಕಡೆ ಗಮನ ಕೊಡಿ ಎಂದ. ಡಿಸ್ಕೌಂಟ್ ಅತ್ತೆ, ಕುಚ್ಚು ಉದುರಿದ ಬ್ರಷ್ಷು ಅರ್ಧಕ್ಕೆ ಬರುತ್ತದೆಯೇ ಎಂದು ಕೇಳಿದರು. ಅವರ ಪ್ರಶ್ನೆಗೆ ಉತ್ತರ ಸಿಕ್ಕಿತು.

ಸೋಪಿನ ಕಾರ್ಖಾನೆಯ ಬಗ್ಗೆ ಬರೆಯುವುದಿಲ್ಲ. ಅಷ್ಟು ಹೊತ್ತಿಗೆ ನನ್ನ ಅಧ್ಯಯನ ಎಲ್ಲೋ ಬಿದ್ದುಹೋಗಿತ್ತು. ಬಸ್ಸೆಲ್ಲ ಸೋಪಿನ ವಾಸನೆ, ಎಲ್ಲರೂ ತಮ್ಮ ಅಂಗೈ ಮೂಸುತ್ತ ನಗುತ್ತಿದ್ದರು. ನನ್ನ ತೊಡೆಯ ಮೇಲಿನ ಚೀಲದಲ್ಲಿ ಒಂದು ಕಟ್ಟು ಕರಪತ್ರ ಇತ್ತು. ಇದು ಬೇರೆಯವರದ್ದಲ್ಲ, ನಾನೇ ಬರೆದದ್ದು. ಕೆಲವು ವಾರಗಳ ಹಿಂದೆ ಸಿಟ್ಟಿನಲ್ಲಿ ಬರೆದೆ. ಯಾರ ಮೇಲಿನ ಸಿಟ್ಟು ಎಂದು ಕೇಳಬೇಡ. 'ಕೈಗಳೇ, ಎದ್ದೇಳಿ' ಎಂದು ತಲೆಬರಹ. ಮಾಮ ಬೈಯುತ್ತಲೇ ಅಚ್ಚು ಹಾಕಿಕೊಟ್ಟರು. ಕಪ್ಪುಬಸಿಯ ಕಾರ್ಖಾನೆಯ ಒಳಗೆ ಬೆಂಚಿನ ಮೇಲೆಲ್ಲ ಅದನ್ನು ಹಂಚಿಬಿಡಬೇಕು, ಹಿಡಿದರೆ ಹಿಡಿಯಲಿ ಎಂದುಕೊಂಡಿದ್ದೆ.

ಆ ಬೆಂಚು ನನಗೆ ಬಾಯಿಪಾಠ, ಅಮ್ಮಾ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಅಪ್ಪ ತೀರಿದ ಮೇಲೆ, ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ ನೀನು ಹೋದದ್ದು ಆ ಬೆಂಚಿಗೆ. ಎಡಗಡೆ ಹಸಿ ಕಪ್ಪುಗಳ ಹಲಗೆ, ಬಲಗಡೆ ಹಿಡಿಗಳ ತಟ್ಟೆ, ನಡುವೆ ಗಂಜಿಯಂತೆ ಕಲಸಿದ ಮಣ್ಣಿನ ಬೋಗುಣಿ. ವರ್ಷಕ್ಕೊಮ್ಮೆ ಭಟ್ಟಿ ಆರಿಸಿ ರಿಪೇರಿ ಮಾಡುವಾಗ ನೀನು ಮನೆಗೆ ಬರುತ್ತಿದ್ದೆ. ಬರುವಾಗ ರಿಜೆಕ್ಟ್ ಆದ ಕಪ್ಪುಗಳನ್ನು ಸೀರೆಯಲ್ಲಿ ಸುತ್ತಿ ತರುತ್ತಿದ್ದೆ. ಯಾವ ಊರಿನ ಯಾವ ಮನೆಗೆ ಹೋದರೂ ಅಲ್ಲಿ ಯಾರೋ ನನ್ನ ಕೈ ಹಿಡಿದು ಚಹಾ ಕುಡಿಯುತ್ತಿರುತ್ತಾರೆ ಎನ್ನುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಊರಿಗೆಲ್ಲ ಸಿಗುವ ಕೈ ನನಗೆ ವರ್ಷಕ್ಕೊಮ್ಮೆ ಮಾತ್ರ.

ಆ ಕಪ್ಪುಗಳು ಹಲಗೆಯ ಮೇಲೆ ಹಾಗೇ ಇವೆ. ಬಾಯಿ ಸೊಟ್ಟಗಾದದ್ದು, ಬಣ್ಣ ಹರಿದದ್ದು, ತಳ ಕುಂಟುವುದು. ಹಿಡಿ ಬಿಟ್ಟದ್ದು ಮಾತ್ರ ಒಂದೂ ಇಲ್ಲ. ಕುಂಟುವ ಕಪ್ ಅಜ್ಜಿಯದು. ನಾನೂ ಅದೂ ಒಂದೇ ನಡಿಗೆ ಎನ್ನುತ್ತಾಳೆ, ಬೇರೆಯದರಲ್ಲಿ ಕೊಟ್ಟರೆ ಚಹಾ ಮುಟ್ಟುವುದಿಲ್ಲ.

ಎರಡು ವರ್ಷದಿಂದ ನೀನು ಬಂದಿಲ್ಲ. ಕಪ್ಪೂ ಬಂದಿಲ್ಲ. ಆರ್ಡರ್ ಜಾಸ್ತಿ, ಬೆಂಚು ಬಿಡಲು ಆಗುತ್ತಿಲ್ಲ ಎಂದು ಪತ್ರ ಬರುತ್ತಿತ್ತು. ಅಜ್ಜಿ ನನ್ನಿಂದ ಅದನ್ನು ಓದಿಸಿ, ಮಡಚಿ, "ಬರ್ತಾಳೆ ಬಿಡು" ಎನ್ನುತ್ತಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅವಳಿಗೆ ಬೆಳಕೆಷ್ಟು, ನನಗೆ ಬೆಳಕೆಷ್ಟು ಎಂದು ಗೊತ್ತಾಗುತ್ತಿರಲಿಲ್ಲ.

ಈಗ ನಿನ್ನೆಯ ವಿಷಯ. ನಿನಗೆ ಗೊತ್ತಿರುವುದೇ, ಆದರೆ ಹಗ್ಗದ ಈಚೆಯಿಂದ ಹೇಗೆ ಕಂಡಿತು ಎಂಬುದು ಗೊತ್ತಿರಲಾರದು.

ಬಾಗಿಲಲ್ಲಿ ಎಲ್ಲರಿಗೂ ಕಾಗದದ ಟೋಪಿ, ಮುಖಗವಸು ಕೊಟ್ಟರು. ಮಣ್ಣಿನ ಪುಡಿ ಎದೆಗೆ ಕೆಟ್ಟದ್ದಂತೆ. ನೋಡಲು ಬಂದವರ ಎದೆಗೆ, ಎಂದು ಸೇರಿಸಬೇಕಿತ್ತು. ಸೊಂಟಕ್ಕೆ ಸಣ್ಣ ಸ್ಪೀಕರ್ ಕಟ್ಟಿಕೊಂಡ ಮೈಕಿನವನು ನಮ್ಮನ್ನು ಗಾಜಿನ ಗ್ಯಾಲರಿಗೆ ಹತ್ತಿಸಿದ. ಕೆಳಗೆ ಉದ್ದಕ್ಕೂ ಒಂದು ಯಂತ್ರ. ಕಬ್ಬಿಣದ ಒಂದು ತೋಳು ಕಪ್ಪನ್ನು ಹಿಡಿಯುತ್ತದೆ, ಇನ್ನೊಂದು ಹಿಡಿಯನ್ನು ತಂದು ಒತ್ತುತ್ತದೆ, ಮುಗಿಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಮೊದಲು ಈ ಜಾಗದಲ್ಲಿ ಬೆಂಚುಗಟ್ಟಲೆ ಹೆಂಗಸರು ಕೂರುತ್ತಿದ್ದರು ಎಂದು ಮೈಕಿನವನು ಹೆಮ್ಮೆಯಿಂದ ಹೇಳಿದ, ಗುಡಿಸಿ ಸ್ವಚ್ಛ ಮಾಡಿದ್ದೇವೆ ಎನ್ನುವ ಧ್ವನಿಯಲ್ಲಿ. ಬೆಂಚು ಎಲ್ಲೂ ಇರಲಿಲ್ಲ. ನನ್ನ ಕರಪತ್ರ ಇಡುವುದಕ್ಕೆ ಕೂಡ.

ಆಮೇಲೆ ಮೆಟ್ಟಿಲಿಳಿದು ಆ ಕೋಣೆ. ಹಗ್ಗ ಕಟ್ಟಿದ ಜಾಗ, ಮೇಲಿನಿಂದ ಬೆಳಕು ಬಿಟ್ಟ ಒಂದು ಮೇಜು, ಗೋಡೆಗೆ 'ಅಂದಿನ ಕೈಗಳು' ಎಂಬ ಬೋರ್ಡು. ಅಂದಿನ ಕೈಗಳಂತೆ! ನಿನಗಿನ್ನೂ ಐವತ್ತಾಗಿಲ್ಲ.

ನೀನು ನಿಂತಿದ್ದೆ. ಇಸ್ತ್ರಿ ಮಾಡಿದ ಏಪ್ರನ್ನು, ಎಂದೂ ಮಣ್ಣಾಗದ ಹಾಗೆ ಕಟ್ಟಿದ ತಲೆ. ಬಂದವರಿಗೆಲ್ಲ ಒಂದೇ ಅಳತೆಯ ನಗು, ಅಚ್ಚಿನಿಂದ ತೆಗೆದ ಹಾಗೆ. ಕಪ್ಪೂ ಹಿಡಿಯೂ ಒಂದೇ ಹದಕ್ಕೆ ಹಸಿ ಇರಬೇಕು ಎಂದು ಹೇಳತೊಡಗಿದೆ. ಒಂದು ಒಣಗಿ ಇನ್ನೊಂದು ಹಸಿಯಾಗಿದ್ದರೆ ಆ ಕ್ಷಣಕ್ಕೆ ಕೂತ ಹಾಗೆ ಕಾಣುತ್ತದೆ, ಬೆಂಕಿಯೊಳಗೆ ಹೋದಾಗ ಬಿಟ್ಟುಕೊಳ್ಳುತ್ತದೆ ಎಂದೆ. ಮನೆಯಲ್ಲಿ ಇದನ್ನೇ ಎಷ್ಟು ಸಲ ಹೇಳಿದ್ದೀಯ. ಅಲ್ಲಿ ಮಾತ್ರ ಅದು ಯಾರೋ ಬರೆದುಕೊಟ್ಟ ಪಾಠದಂತೆ ಕೇಳಿಸಿತು.

ನಾನು ಮುಂದಿನ ಸಾಲಿಗೆ ನುಗ್ಗಿದೆ. ಡಿಸ್ಕೌಂಟ್ ಅತ್ತೆ, "ಎಲ್ಲಿಗೇ ಹೊರಟೆ, ಇಲ್ಲೇನೂ ಮಾರಲ್ವಂತೆ," ಎಂದರು. ಹಗ್ಗದ ಹತ್ತಿರ ಬಂದಾಗ ನನ್ನ ಮುಖಗವಸು ಕೆಳಗೆ ಜಾರಿತು. ಜಾರಿತು ಎಂದೇ ಇಟ್ಟುಕೋ.

ನಿನ್ನ ಮಾತು ನಿಲ್ಲಲಿಲ್ಲ, ಕೈ ನಿಂತಿತು. ಬೆರಳಲ್ಲಿದ್ದ ಹಿಡಿ ನೋಡುತ್ತಿದ್ದ ಹಾಗೆ ಬಗ್ಗಿ ಮುದ್ದೆಯಾಯಿತು. "ಇದು ಕೆಟ್ಟಿತು. ಇನ್ನೊಂದು ತಗೊಳ್ಳೋಣ," ಎಂದು ಎಲ್ಲರಿಗೂ ಹೇಳಿ ತಟ್ಟೆಗೆ ಕೈ ಹಾಕಿದೆ. ತಟ್ಟೆಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದೆ. ನೀನು ಬೆಳ್ಳಗಾಗಿದ್ದೀ ಅಮ್ಮಾ. ಮಣ್ಣಿನ ಬಿಳುಪು ಅಲ್ಲ, ಬಿಸಿಲು ಕಾಣದ ಬಿಳುಪು.

ಗುಂಪಿನಿಂದ ಒಬ್ಬರು ಬಂದು ಹಿಡಿ ಕೂರಿಸಬಹುದು, ಯಾರು ಬರುತ್ತೀರಿ ಎಂದ ಮೈಕಿನವನು. ಅವನು ಮಾತು ಮುಗಿಸುವ ಮೊದಲೇ ನಾನು ಹಗ್ಗ ದಾಟಿಯಾಗಿತ್ತು. ನೀನು ಸ್ವಲ್ಪ ಬಾಗಿ "ಬನ್ನಿ ಮೇಡಂ," ಎಂದೆ. ಹುಟ್ಟಿದಾಗಿನಿಂದ ನನ್ನನ್ನು ಕೋತಿ, ಕತ್ತೆ, ನನ್ನಪ್ಪ, ಚಿನ್ನ ಎಂದೆಲ್ಲ ಕರೆದ ಬಾಯಿ. ನಗು ಬರಬೇಕಿತ್ತು.

ಕಪ್ಪನ್ನು ನನ್ನ ಕೈಯಲ್ಲಿಟ್ಟೆ. ಮಣ್ಣಿನ ಗಂಜಿ ಸವರಲು ಬೆರಳು ಹಿಡಿದು ತೋರಿಸಿದೆ. ಹದ ನೋಡುವುದು ಹೇಗೆ ಎಂದು ಹಿಂದಿನಿಂದ ಮೇಷ್ಟ್ರು ಕೇಳಿದರು. ಆಗ ನೀನು ಕಪ್ಪಿಗೆ ಮಣಿಕಟ್ಟಿನ ಹಿಂಬದಿ ಮುಟ್ಟಿಸಿ, "ಹೀಗೆ. ಮಕ್ಕಳಿಗೆ ಜ್ವರ ನೋಡ್ತೀವಲ್ಲ, ಹಾಗೆ," ಎಂದೆ. ಅವರಿಗೆ ಅರ್ಥವಾಗಲಿಲ್ಲವೆನ್ನುವ ಹಾಗೆ, ಅದೇ ಮಣಿಕಟ್ಟನ್ನು ನನ್ನ ಹಣೆಗೆ ಇಟ್ಟೆ.

ಎಲ್ಲರೂ ನಕ್ಕರು. ಮೇಡಂಗೆ ಜ್ವರ ಇದೆಯಾ ಎಂದು ಯಾರೋ ಕೇಳಿದರು. ನೀನು ಇಲ್ಲ ಎನ್ನುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ನನ್ನ ತಲೆಯೊಳಗೆ ಯಾವ ಕರಪತ್ರದ ಒಂದು ಸಾಲೂ ಇರಲಿಲ್ಲ. ಆ ಹಗ್ಗ, ಆ ಬೋರ್ಡು, ಮೈಕಿನವನು, ಎಲ್ಲ ಹೀಗೇ ಇರಲಿ, ಈ ಕೈ ಮಾತ್ರ ತೆಗೆಯದಿರಲಿ ಎಂದುಕೊಂಡೆ. ನಾನು, ಇಂಥವಳು, ಹಾಗೆಂದುಕೊಂಡೆ.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ನನ್ನ ಬಾಯಿಂದ ಬಂದದ್ದು ಹಿಂದಿನ ಜನ್ಮದ ಹಟವೋ ಏನೋ. ನೀವು ಕೂರಿಸಿದ ಕಪ್ ಯಾರ ಮನೆಗೆ ಹೋಗುತ್ತದೆ ಎಂದು ಕೇಳಿದೆ. ದೇಶದ ಮೂಲೆ ಮೂಲೆಗೂ ಎಂದು ಮೈಕಿನವನು ಶುರು ಮಾಡಿದ್ದ. ನೀನು ಅವನನ್ನು ತಡೆಯಲಿಲ್ಲ, ಮುಗಿಯುವವರೆಗೂ ಕಾದೆ. ಆಮೇಲೆ ನನ್ನನ್ನೇ ನೋಡಿ ಹೇಳಿದೆ.

"ಎಲ್ಲಿಗೂ ಹೋಗಲ್ಲ, ಮೇಡಂ. ಸಂಜೆ ತೊಟ್ಟಿಗೆ ಹಾಕಿ ನೀರು ಬಿಡ್ತೀವಿ. ನಾಳೆ ಮತ್ತೆ ಅದೇ ಮಣ್ಣು."

ನಿಜ ಹೇಳಬೇಕು, ಎಲ್ಲರ ಎದುರು ಹೇಳಬೇಕು ಎಂದು ಊರಿಗೆಲ್ಲ ಬೋಧಿಸುವವಳು ನಾನು. ಆ ಕ್ಷಣ ಮಾತ್ರ, ಒಂದು ಸುಳ್ಳು ಹೇಳಿಬಿಡಬಾರದಿತ್ತೇ ಅಮ್ಮಾ ಎನ್ನಿಸಿತು. ನನ್ನ ಒಂದು ಪ್ರಶ್ನೆಗೆ ನಿನ್ನ ಇದೊಂದು ಜಾಗವೂ ಹೋದರೆ ಎಂದು ಹೆದರಿದೆ. ಮೈಕಿನವನು ಕೆಮ್ಮಿ, ನಮ್ಮಲ್ಲಿ ಮಣ್ಣನ್ನು ಪೋಲು ಮಾಡುವುದಿಲ್ಲ ಎಂದು ಅದನ್ನೂ ಹೊಗಳಿಕೆಯಾಗಿ ತಿರುಗಿಸಿಬಿಟ್ಟ. ಜನ ತಲೆದೂಗಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅಜ್ಜಿ ಹೇಳುವುದು ಕೇಳಿದ್ದೇನೆ. ಕುಂಬಾರನ ಕೈಗೇ ದಿನಾ ದೊಣ್ಣೆ ಕೊಡುವವರನ್ನು ನಿನ್ನೆ ಕಂಡೆ.

ನಿಮಗೆ ರಜ ಯಾವಾಗ ಎಂದು ಕೇಳಿದ್ದು ಅದಕ್ಕೇ. ನನಗೆ ಬೇರೆ ಏನೂ ತೋಚಲಿಲ್ಲ.

"ನೋಡೋಕೆ ಯಾರೂ ಬರದ ದಿನ," ಎಂದೆ ನೀನು.

ಅಷ್ಟೇ. ಮೇಷ್ಟ್ರು ಸೀಟಿ ಊದಿದರು. ನೀನು ನನ್ನ ಕಪ್ಪನ್ನು ಬೇರೆ ಕಪ್ಪುಗಳ ಜೊತೆ ಹಲಗೆಯ ಮೇಲಿಟ್ಟೆ. ತೆಗೆದುಕೊಂಡು ಹೋಗಬಹುದೇ ಎಂದು ನಾನು ಕೇಳಿದ್ದಕ್ಕೆ ಮೈಕಿನವನು, ಸುಡದ ಕಪ್ಪು ಬಸ್ಸಿನ ಕುಲುಕಾಟಕ್ಕೆ ಉಳಿಯುವುದಿಲ್ಲ ಎಂದ. ತಿರುಗಿ ನೋಡಿದಾಗ ನೀನು ಮುಂದಿನ ಗುಂಪಿಗಾಗಿ ಮೇಜು ಒರೆಸುತ್ತಿದ್ದೆ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ.

ಕರಪತ್ರದ ಗತಿ ಕೇಳು. ಮಾರಾಟದ ಕೋಣೆಯಲ್ಲಿ ಡಿಸ್ಕೌಂಟ್ ಅತ್ತೆ ಮೂರು ಚೀಲದ ತುಂಬ ರಿಜೆಕ್ಟ್ ಕಪ್ಪುಬಸಿ ಕೊಂಡು, ಸುತ್ತಲು ಕಾಗದವಿಲ್ಲದೆ ಒದ್ದಾಡುತ್ತಿದ್ದರು. ನನ್ನ ಚೀಲದೊಳಗೆ ಇಣುಕಿ, ಕೇಳದೆಯೇ ಕಟ್ಟು ಬಿಚ್ಚಿದರು. ದಪ್ಪ ಕಾಗದ ಕಣೇ, ಒಳ್ಳೆಯದಾಯಿತು ಎಂದರು. ಉಳಿದವರೂ ಕೈ ಚಾಚಿದರು. 'ಕೈಗಳೇ, ಎದ್ದೇಳಿ' ಎಂಬುದು ನಿಮ್ಮ ಯಂತ್ರದ ಕಪ್ಪುಗಳನ್ನು ತಬ್ಬಿಕೊಂಡು ಮನೆಮನೆಗೆ ಹೋಯಿತು. ನಾನೂ ಒಂದಷ್ಟು ಸುತ್ತಿಕೊಟ್ಟೆ. ಮಡಚುವ ಕೈ ಅಲ್ಲವೇ.

ಮನೆಗೆ ಬಂದಾಗ ಅಜ್ಜಿ ಹಣೆಯ ಮೇಲೆ ಏನದು ಬಿಳಿ ಎಂದು ಕೇಳಿದಳು. ಕಾರ್ಖಾನೆಯ ಧೂಳು ಎಂದೆ. ಅವಳು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಒರೆಸಿಕೋ ಎನ್ನಲಿಲ್ಲ. ಚಹಾ ಕುಡಿಯುವಾಗ ಕಪ್ಪಿನ ಹಿಡಿಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದಳು, ಚಹಾ ತಣ್ಣಗಾಗುವವರೆಗೆ.

ಅಮ್ಮಾ, ಇಷ್ಟು ದಿನ ನೀನು ಬರದಿದ್ದದ್ದು, ನಿಜ ಬರೆಯದಿದ್ದದ್ದು ಏಕೆಂದು ಈಗ ಗೊತ್ತಾಗಿದೆ. ರಜದ ದಿನಗಳಲ್ಲೇ ನೋಡಲು ಜನ ಬರುತ್ತಾರೆ, ಹಾಗಾಗಿ ನಿನಗೆ ರಜವಿಲ್ಲ. ಯಂತ್ರ ಬಂದ ಮೇಲೆ ಭಟ್ಟಿ ಆರಿಸುವುದೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಯಾರ ಕೈಗೂ ಹೋಗದ ಕಪ್ಪುಗಳ ವಿಷಯವನ್ನು ನನ್ನಂಥ ಬಾಯಿಬಡುಕಿಗೆ ಹೇಗೆ ಬರೆಯುವುದು ಎಂದು ಹಿಂಜರಿದಿರಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂದು ನನಗೆ ಕಲಿಸಿದವಳು ನೀನೇ. ಈಗ ಕೈ ಬರಿದೇ ಕೆಸರಾಗುತ್ತಿದೆ ಎಂದು ಹೇಳಿಕೊಳ್ಳಲು ನಾಚಿಕೆಯೇ? ನಾಚಿಕೆಪಡಬೇಕಾದವರು ಬೋರ್ಡು ಬರೆಸಿದವರು. ಆ ಕಪ್ಪುಗಳು ಎಲ್ಲಿಗೂ ಹೋಗುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ನಿನ್ನೆ ಒಂದರ ಹದ ನನ್ನ ಹಣೆಯ ಮೇಲೆ ಮನೆಗೆ ಬಂದಿದೆ.

ಕೆಲಸ ಬಿಟ್ಟು ಬಾ ಎಂದು ಬರೆಯುವುದಿಲ್ಲ. ಬರೆಯಬೇಕೆಂದೇ ಕೂತಿದ್ದೆ. ಅಜ್ಜಿಯ ಮಾತ್ರೆ, ಮನೆಯ ಬಾಡಿಗೆ, ನಿನ್ನ ಕೈಯ ಹಟ, ಎಲ್ಲವೂ ಗೊತ್ತು. ಆದರೆ ಹಗ್ಗದಾಚೆಯಿಂದ ನಿನ್ನನ್ನು ನೋಡುವುದೂ ಇನ್ನು ನನ್ನಿಂದಾಗದು. ಮೈಕಿನವನು ಮೇಷ್ಟ್ರಿಗೆ ಹೇಳುತ್ತಿದ್ದುದು ಕೇಳಿಸಿತು, ಬುಧವಾರ ಮಧ್ಯಾಹ್ನ ಗ್ಯಾಲರಿ ತೊಳೆಯುತ್ತಾರೆ, ಆಗ ಗುಂಪು ತರಬೇಡಿ ಎಂದು. ಅಂದರೆ ಬುಧವಾರ ನೋಡಲು ಯಾರೂ ಬರುವುದಿಲ್ಲ. ನಾನು ಬರುತ್ತೇನೆ. ಮಾಮನಿಗೆ ರಜ ಕೇಳಿಯಾಗಿದೆ, ಯಾವ ಕ್ರಾಂತಿಗೆ ಎಂದು ಕೇಳಿದರು. ಹಿಂದಿನ ಗೇಟಿನ ಹತ್ತಿರ, ಒಡೆದ ಕಪ್ಪುಗಳ ಗುಡ್ಡೆ ಇದೆಯಲ್ಲ, ಅಲ್ಲಿ ಕೂತಿರುತ್ತೇನೆ. ಫ್ಲಾಸ್ಕಿನಲ್ಲಿ ಚಹಾ, ಹಲಗೆಯ ಮೇಲಿನ ಎರಡು ಕಪ್ಪು. ಬಾಯಿ ಸೊಟ್ಟಗಿರುವುದು ನನಗೆ. ನೀನು ಮಾಡಿದ್ದರಲ್ಲಿ ನೀನು ಕುಡಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಬಿಡುವಿನ ಗಂಟೆ ಹೊಡೆಯಿತು. ಮಾಮ ಈ ಕಡೆ ನೋಡುತ್ತಿದ್ದಾರೆ.

ನಿನ್ನ ಕೋತಿ, ಕತ್ತೆ, ಇತ್ಯಾದಿ,
(ಮೇಡಂ ಅಲ್ಲ)

ಮ.ಬ.: ಮೇಲೆ ಎರಡು ಸುಳ್ಳು ಬರೆದಿದ್ದೇನೆ. ನಿನ್ನನ್ನು ನೋಡಲು ಬಂದದ್ದಲ್ಲ ಎಂಬುದು ಒಂದು. ನೀನು ಅಲ್ಲಿರುವುದು, ಬೆಂಚು ಇಲ್ಲದಿರುವುದು ಗೊತ್ತಿರಲಿಲ್ಲ ಎಂಬುದು ಇನ್ನೊಂದು. ಮೇಷ್ಟ್ರು ಹುಬ್ಬೇರಿಸಿದ್ದು ನಾನು ಹಿಂದಿನ ತಿಂಗಳ ಗುಂಪಿನಲ್ಲೂ ಬಂದಿದ್ದಕ್ಕೆ. ಅವತ್ತೂ ಹಗ್ಗದ ಪಕ್ಕದಲ್ಲೇ ನಿಂತಿದ್ದೆ, ಟೋಪಿ, ಮುಖಗವಸು ಹಾಕಿಕೊಂಡು. ಕಣ್ಣು ನೋಡಿದರೆ ಸಾಕು, ಹೆತ್ತವಳಿಗೆ ಗೊತ್ತಾಗುತ್ತದೆ ಎಂದು ಕಾದೆ. ನೀನು ನನ್ನನ್ನೇ ನೋಡಿದೆ. ಎಲ್ಲರಿಗೂ ಕೊಟ್ಟ ನಗುವನ್ನೇ ಕೊಟ್ಟು ಪಕ್ಕದವರ ಕಡೆ ತಿರುಗಿದೆ. ನಿನ್ನ ತಪ್ಪಲ್ಲ, ಎರಡು ವರ್ಷದಲ್ಲಿ ನನ್ನ ಕಣ್ಣೂ ಬೆಳೆದಿರಬೇಕು. ಕರಪತ್ರ ಬರೆದದ್ದು ಆ ವಾರವೇ. ಬುಧವಾರ ಬರಿಮುಖದಲ್ಲಿ ಕೂತಿರುತ್ತೇನೆ. ಆ ಅಚ್ಚಿನ ನಗುವನ್ನು ಒಳಗೇ ಬಿಟ್ಟು ಬಾ. ಬೇಕಾದರೆ ಬೈದುಕೊಂಡೇ ಬಾ.